ಬಾಗಿಲು ತಟ್ಟದ ಊಟದ ಬುಟ್ಟಿ: ಆರ್ಟಿಸ್ಟ್ ರೆಸಿಡೆನ್ಸಿಯ ಮೊದಲ ದಿನ

ರೆಸಿಡೆನ್ಸಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಎರಡು. ಒಂದು, ಮೆಡಿಕಲ್ ಸೇರಿದ ಪಿಯುಸಿ ಗೆಳೆಯರು ಮುಂದೆ ಆಸ್ಪತ್ರೆಯಲ್ಲಿ ಹಗಲು ರಾತ್ರಿ ದುಡಿಯಬೇಕಾದ ರೆಸಿಡೆನ್ಸಿ. ಇನ್ನೊಂದು, ಬಸ್‌ಸ್ಟ್ಯಾಂಡ್ ಎದುರಿಗೆ ಬೋರ್ಡು ಹಾಕಿಕೊಂಡಿರುವ ಲಾಡ್ಜು. ಈ ಲೇಖನ ಮೂರನೆಯ ಒಂದು ರೆಸಿಡೆನ್ಸಿ ಬಗ್ಗೆ. ಬರೆಯುವವರು, ಚಿತ್ರ ಬಿಡಿಸುವವರು, ಸಂಗೀತ ಕಟ್ಟುವವರು, ಸಿನಿಮಾ ಮಾಡುವವರು ಕೆಲವು ವಾರವೋ ತಿಂಗಳೋ ಮನೆ ಬಿಟ್ಟು ಬಂದು, ಒಂದು ಕಡೆ ಉಳಿದುಕೊಂಡು ತಮ್ಮ ಕೆಲಸ ಮಾಡುವ ಜಾಗ ಅದು. ಆರ್ಟಿಸ್ಟ್ ರೆಸಿಡೆನ್ಸಿ ಅಂತ ಹೆಸರು.

ಒಪ್ಪಂದ ಸರಳ. ಸಂಸ್ಥೆ ಮಲಗೋಕೆ ಜಾಗ ಕೊಡುತ್ತೆ, ಕೆಲಸಕ್ಕೆ ಜಾಗ ಕೊಡುತ್ತೆ, ಎಷ್ಟೋ ಕಡೆ ಊಟವನ್ನೂ ಕೊಡುತ್ತೆ. ಬದಲಿಗೆ ಕೇಳೋದು? ಕೆಲವು ಕಡೆ ಒಂದು ಪ್ರದರ್ಶನ ಅಥವಾ ಒಂದು ಮಾತುಕತೆ. ಕೆಲವು ಕಡೆ ಏನೂ ಇಲ್ಲ. ನಿಜವಾಗಿ ಏನೂ ಇಲ್ಲ. ರಿಪೋರ್ಟ್ ಇಲ್ಲ, ರಿವ್ಯೂ ಇಲ್ಲ, "ಡೆಮೋ ಯಾವಾಗ?" ಅಂತ ಕೇಳುವ ಗೈಡೂ ಇಲ್ಲ.

ಪ್ರತಿ ಸೆಮಿಸ್ಟರಲ್ಲೂ ಇಂಟರ್ನಲ್ಸು, ಲ್ಯಾಬ್ ರೆಕಾರ್ಡು, ಮಿನಿ ಪ್ರಾಜೆಕ್ಟು ಅಂತ ದಿನ ಎಣಿಸುವ ನಮಗೆ ಇದು ಕನಸಿನ ಹಾಗೆ ಕೇಳಿಸುತ್ತೆ. ಆದರೆ ಒಂದು ಪ್ರಶ್ನೆ ಬರುತ್ತೆ. ಊಟ ಕೊಡೋದು, ಕೋಣೆ ಕೊಡೋದು ಗೊತ್ತು. ಸಮಯವನ್ನ ಒಬ್ಬರು ಇನ್ನೊಬ್ಬರಿಗೆ ಕೊಡೋದು ಹೇಗೆ? ಎಲ್ಲರಿಗೂ ಇರೋದು ಅದೇ 24 ಗಂಟೆ ತಾನೆ? ಇದಕ್ಕೆ ಉತ್ತರ ರೆಸಿಡೆನ್ಸಿಯ ಮೊದಲ ದಿನದ ವ್ಯವಸ್ಥೆಯಲ್ಲಿ ಸಿಗುತ್ತೆ. ಹಾಗಾಗಿ ಮೊದಲ ದಿನವನ್ನಷ್ಟೇ ಹತ್ತಿರದಿಂದ ನೋಡೋಣ.

ಒಂದು ಮರದ ಮನೆ, ಒಂದು ಬುಟ್ಟಿ

ನೋಡಲು ನಾವು ಆರಿಸಿಕೊಂಡ ಜಾಗ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೀಟರ್‌ಬರೋ ಎಂಬ ಸಣ್ಣ ಊರಿನಲ್ಲಿದೆ. ಹೆಸರು ಮ್ಯಾಕ್‌ಡವೆಲ್. 1907ರಲ್ಲಿ ಶುರುವಾದದ್ದು, ಇವತ್ತಿಗೂ ನಡೆಯುತ್ತಿದೆ. ಈ ಬಗೆಯ ಜಾಗಗಳಲ್ಲಿ ತುಂಬ ಹಳೆಯದು; ಆಮೇಲೆ ಬಂದ ಎಷ್ಟೋ ರೆಸಿಡೆನ್ಸಿಗಳಿಗೆ ಮಾದರಿ.

ಎಡ್ವರ್ಡ್ ಮ್ಯಾಕ್‌ಡವೆಲ್ ಅಮೆರಿಕದ ಸಂಗೀತ ಸಂಯೋಜಕ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಗೀತದ ಪ್ರೊಫೆಸರ್. ಪಾಠ, ಮೀಟಿಂಗು, ವಿದ್ಯಾರ್ಥಿಗಳ ಉತ್ತರ ಪತ್ರಿಕೆ, ಇವುಗಳ ನಡುವೆ ಸ್ವಂತ ಸಂಗೀತ ಬರೆಯೋಕೆ ಉಳಿಯುತ್ತಿದ್ದದ್ದು ಬೇಸಿಗೆ ರಜೆ ಮಾತ್ರ. ಹೆಂಡತಿ ಮರಿಯನ್ ಕೂಡ ಪಿಯಾನೋ ವಾದಕಿ. ಜರ್ಮನಿಯಲ್ಲಿ ಎಡ್ವರ್ಡ್ ಬಳಿಯೇ ಕಲಿತಿದ್ದವರು. 1896ರಲ್ಲಿ ಪೀಟರ್‌ಬರೋದಲ್ಲಿ ಒಂದು ಹಳೆಯ ಜಮೀನು ಕೊಂಡರು. ಮನೆಯಿಂದ ಸ್ವಲ್ಪ ದೂರ, ಕಾಡಿನೊಳಗೆ, ಎಡ್ವರ್ಡ್ ಒಬ್ಬರೇ ಕೂತು ಬರೆಯಲಿ ಅಂತ ಮರದ ದಿಮ್ಮಿಗಳ ಒಂದು ಪುಟ್ಟ ಮನೆ ಎದ್ದಿತು. ಮಧ್ಯಾಹ್ನದ ಊಟಕ್ಕೆ ಅವರನ್ನ ಕರೆಯೋಕೆ ಹೋದರೆ ಕೆಲಸ ನಿಂತುಹೋಗುತ್ತೆ. ಹಾಗಂತ ಮರಿಯನ್ ಊಟವನ್ನ ಬುಟ್ಟಿಯಲ್ಲಿಟ್ಟು, ಬಾಗಿಲ ಹತ್ತಿರ ಇಟ್ಟು, ಸದ್ದಿಲ್ಲದೆ ಬರುತ್ತಿದ್ದರಂತೆ.

ತಮಗೆ ಸಿಕ್ಕ ಈ ಸೌಕರ್ಯ ಬೇರೆ ಕಲಾವಿದರಿಗೂ ಸಿಗಲಿ ಅಂತ ದಂಪತಿಗೆ ಆಸೆ. ಆದರೆ ಎಡ್ವರ್ಡ್ ಕಾಯಿಲೆ ಬಿದ್ದರು. 1908ರ ಜನವರಿಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ರೆಸಿಡೆನ್ಸಿ ಶುರುವಾಗಿತ್ತು. ಮೊದಲು ಬಂದವರಲ್ಲಿ ಶಿಲ್ಪಿ ಹೆಲೆನ್ ಮಿಯರ್ಸ್ ಮತ್ತು ಅವರ ಅಕ್ಕ, ಲೇಖಕಿ ಮೇರಿ ಮಿಯರ್ಸ್ ಇದ್ದರು. ಇವತ್ತು ಆ ಜಮೀನು ಸುಮಾರು 450 ಎಕರೆ. ಕಾಡಿನಲ್ಲಿ ಅಲ್ಲಲ್ಲಿ 32 ಸ್ಟುಡಿಯೊ ಇವೆ. ಉಳಿಯುವವರಿಂದ ಶುಲ್ಕ ತಗೊಳಲ್ಲ.

ಬಂದಿಳಿದ ಮೇಲೆ

ಇಲ್ಲಿಗೆ ಬಂದ ಮೊದಲ ದಿನ ಏನಾಗುತ್ತೆ? ನಮ್ಮ ಹಾಸ್ಟೆಲಿನ ಮೊದಲ ದಿನದ ಹಾಗೇ ಶುರು: ಲಗೇಜು ಇಳಿಸೋದು, ಜಾಗ ತೋರಿಸೋದು, ಊಟದ ಹೊತ್ತು ಹೇಳೋದು, ಬಟ್ಟೆ ಎಲ್ಲಿ ಒಗೆಯಬೇಕು, ಲೈಬ್ರರಿ ಎಲ್ಲಿದೆ ಅಂತ ಹೇಳೋದು. ಆಮೇಲೆ ಸ್ಟುಡಿಯೊಗೆ ಕರೆದುಕೊಂಡು ಹೋಗುತ್ತಾರೆ. ಒಂದು ಸ್ಟುಡಿಯೊಗೂ ಇನ್ನೊಂದಕ್ಕೂ ನಡುವೆ ಮರಗಳು. ಕಿಟಕಿಯಲ್ಲಿ ನೋಡಿದರೆ ಪಕ್ಕದವರು ಏನು ಮಾಡುತ್ತಿದ್ದಾರೆ ಅಂತ ಕಾಣಲ್ಲ. ಸಂಗೀತ ಬರೆಯುವವರ ಸ್ಟುಡಿಯೊದಲ್ಲಿ ಪಿಯಾನೋ ಇರುತ್ತೆ, ಬರೆಯುವವರಿಗೆ ಮೇಜು, ಚಿತ್ರ ಬಿಡಿಸುವವರಿಗೆ ಬೆಳಕಿರುವ ದೊಡ್ಡ ಗೋಡೆ.

ಜತೆಗೆ ಮೂರು ಪದ್ಧತಿ ಗೊತ್ತಾಗುತ್ತವೆ. ಒಂದು: ಕರೆಯದೆ ಇನ್ನೊಬ್ಬರ ಸ್ಟುಡಿಯೊಗೆ ಹೋಗಬಾರದು. ಎರಡು: ಮಧ್ಯಾಹ್ನದ ಊಟ ಬುಟ್ಟಿಯಲ್ಲಿ ನಿಮ್ಮ ಬಾಗಿಲಿಗೆ ಬರುತ್ತೆ. ಮರಿಯನ್ ಶುರು ಮಾಡಿದ್ದು ಇಂದಿಗೂ ಉಳಿದಿದೆ. ಬುಟ್ಟಿ ತಂದವರು ಬಾಗಿಲು ತಟ್ಟಲ್ಲ. ಮೂರು: ರಾತ್ರಿ ಊಟಕ್ಕೆ ಎಲ್ಲರೂ ಒಂದೇ ಕಡೆ ಸೇರುತ್ತಾರೆ.

ಕೇಳೋಕೆ ಇದು ಬರೀ ಅತಿಥಿ ಸತ್ಕಾರ. ಆದರೆ ಎಂಜಿನಿಯರಿಂಗ್ ಓದುವವರ ಕಣ್ಣಲ್ಲಿ ನೋಡಿದರೆ ಇದು ಒಂದು ಡಿಸೈನು.

ಮೈಕ್ರೋಪ್ರೊಸೆಸರ್ ಪಾಠದಲ್ಲಿ ಇಂಟರಪ್ಟ್ ಬಗ್ಗೆ ಓದಿದ್ದೇವೆ. ಪ್ರೊಸೆಸರ್ ಯಾವುದೋ ಕೆಲಸ ಮಾಡುತ್ತಿರುತ್ತೆ. ಹೊರಗಿನಿಂದ ಒಂದು ಸಿಗ್ನಲ್ ಬರುತ್ತೆ. ಅದು ತನ್ನ ರಿಜಿಸ್ಟರುಗಳನ್ನ ಸ್ಟ್ಯಾಕ್‌ನಲ್ಲಿ ಇಟ್ಟು, ಹೊಸ ಕೆಲಸ ಮುಗಿಸಿ, ವಾಪಸು ಬಂದು, ಬಿಟ್ಟ ಜಾಗದಿಂದಲೇ ಮುಂದುವರಿಯುತ್ತೆ. ಒಂದು ಬಿಟ್ ಕೂಡ ಕಳೆದುಹೋಗಲ್ಲ. ಮನುಷ್ಯನ ಸ್ಟ್ಯಾಕ್ ಅಷ್ಟು ನಂಬಿಕಸ್ಥ ಅಲ್ಲ. ರಿಕರ್ಶನ್‌ನ ನಾಲ್ಕನೇ ಹಂತದಲ್ಲಿ ತಲೆ ಕೆಡಿಸಿಕೊಂಡು ಕೂತಿರುವಾಗ ರೂಮ್‌ಮೇಟು ಬಂದು "ಮಗಾ, ಟೀಗೆ ಬರ್ತೀಯಾ?" ಅಂತ ಕೇಳಿದರೆ ಮುಗಿಯಿತು. ಟೀ ಕುಡಿಯೋಕೆ ಹತ್ತು ನಿಮಿಷ ಸಾಕು. ಆ ನಾಲ್ಕನೇ ಹಂತಕ್ಕೆ ಮತ್ತೆ ಇಳಿಯೋಕೆ ಅರ್ಧ ಗಂಟೆ ಬೇಕು. ಪ್ರಶ್ನೆ ಕೇಳಿದವರದು ತಪ್ಪಲ್ಲ. ತಟ್ಟಿದ ಬಾಗಿಲಿಗೆ ಆ ಕ್ಷಣವೇ ಉತ್ತರ ಕೊಡಬೇಕು, ಸಮಸ್ಯೆ ಅದು.

ಬುಟ್ಟಿ ಈ ಸಮಸ್ಯೆಯನ್ನ ಬಿಡಿಸುತ್ತೆ. ಊಟ ಬಂದಾಗಿದೆ, ಆದರೆ ಯಾವಾಗ ತಗೊಬೇಕು ಅನ್ನೋದು ಒಳಗಿದ್ದವರ ಕೈಯಲ್ಲಿದೆ. ಕಂಪ್ಯೂಟರ್ ಸೈನ್ಸಿನವರು ಇದನ್ನ ಬಫರ್ ಅಂತಾರೆ. ಕಳಿಸುವವರೂ ಪಡೆಯುವವರೂ ಒಂದೇ ಹೊತ್ತಿಗೆ ಬಿಡುವಾಗಿರಬೇಕಿಲ್ಲ. ಅಡುಗೆ ಮಾಡುವ ಗಂಟೆ, ಪಾತ್ರೆ ತೊಳೆಯುವ ಗಂಟೆ, "ಇವತ್ತು ಏನು ತಿನ್ನೋದು" ಅಂತ ಯೋಚಿಸುವ ಹೊತ್ತು, ಜನರೊಡನೆ ಮಾತಾಡಿ ಮತ್ತೆ ಕೆಲಸಕ್ಕೆ ಮರಳುವ ಅರ್ಧ ಗಂಟೆ, ಇಷ್ಟೂ ದಿನದಿಂದ ಕಳಚಿಹೋಗುತ್ತೆ. ಹಾಗಾದರೆ ಸಮಯ ಕೊಡೋದು ಅಂದರೆ ಇದು. ಯಾರೂ ಗಂಟೆ ಸೇರಿಸಲ್ಲ. ಗಂಟೆಯನ್ನ ತುಂಡು ಮಾಡುವ ವಸ್ತುಗಳನ್ನ ಒಂದೊಂದಾಗಿ ತೆಗೆಯುತ್ತಾರೆ.

ಗೋಡೆ ಮೇಲಿನ ಹೆಸರುಗಳು

ಮ್ಯಾಕ್‌ಡವೆಲ್‌ನ ಸ್ಟುಡಿಯೊದಲ್ಲಿ ಹೊಸಬರ ಕಣ್ಣಿಗೆ ಬೀಳುವ ಇನ್ನೊಂದು ವಸ್ತು ಇದೆ. ಗೋಡೆ ಮೇಲೆ ಮರದ ಹಲಗೆಗಳು. ಮೇಲ್ಭಾಗ ದುಂಡಗಿರುವುದರಿಂದ ಸಮಾಧಿ ಕಲ್ಲಿನ ಹಾಗೆ ಕಾಣುತ್ತವೆ. ಅಲ್ಲಿ ಅವುಗಳನ್ನ ಕರೆಯುವುದೂ ಟೂಂಬ್‌ಸ್ಟೋನ್ ಅಂತಲೇ. ಆ ಸ್ಟುಡಿಯೊದಲ್ಲಿ ಕೆಲಸ ಮಾಡಿದ ಒಬ್ಬೊಬ್ಬರೂ ಹೆಸರು ಮತ್ತು ದಿನಾಂಕ ಬರೆದು ಹೋಗಿರುತ್ತಾರೆ. ಹಳೆಯ ಹಲಗೆಗಳಲ್ಲಿ ಶಾಯಿ ಮಾಸಿ ಹೋಗಿದೆ.

ಲೇಖಕಿ ವಿಲ್ಲಾ ಕ್ಯಾಥರ್, ಸಂಗೀತಗಾರ ಆರನ್ ಕೋಪ್ಲಂಡ್, ಲೇಖಕ ಜೇಮ್ಸ್ ಬಾಲ್ಡ್‌ವಿನ್ ಇಲ್ಲಿ ಉಳಿದಿದ್ದವರು. ಥಾರ್ನ್‌ಟನ್ ವೈಲ್ಡರ್ 1938ರಲ್ಲಿ ರಂಗಕ್ಕೆ ಬಂದ 'ಅವರ್ ಟೌನ್' ನಾಟಕದ ಮೇಲೆ ಇಲ್ಲಿ ಕೆಲಸ ಮಾಡಿದ್ದರು; ಅದರಲ್ಲಿ ಬರುವ ಪುಟ್ಟ ಊರಿಗೆ ಪೀಟರ್‌ಬರೋ ಮಾದರಿ ಅಂತ ಹೇಳುತ್ತಾರೆ. ಮೊದಲ ದಿನ ಇಂಥ ಹೆಸರು ಓದಿದರೆ ಎದೆ ಝಲ್ ಅನ್ನದೆ ಇರುತ್ತಾ? "ಇವರು ಕೂತ ಕುರ್ಚಿಯಲ್ಲಿ ನಾನಾ?" ಅನ್ನಿಸೋದು ಸಹಜ. ಐಐಟಿಯಿಂದ ಬಂದ ಸೀನಿಯರ್ ಪಕ್ಕದಲ್ಲಿ ಇಂಟರ್ನ್‌ಶಿಪ್ಪಿನ ಮೊದಲ ದಿನ ಕೂತವರಿಗೆ ಈ ಭಾವನೆ ಹೊಸದಲ್ಲ.

ಆದರೆ ಹಲಗೆಯನ್ನ ಇನ್ನೊಂಚೂರು ಹೊತ್ತು ಓದಬೇಕು. ದೊಡ್ಡ ಹೆಸರುಗಳ ಪಕ್ಕದಲ್ಲೇ ನಾವು ಯಾವತ್ತೂ ಕೇಳಿರದ ಹೆಸರುಗಳಿರುತ್ತವೆ. ಎಲ್ಲವೂ ಒಂದೇ ಅಳತೆಯಲ್ಲಿ, ಬಂದ ಸರದಿಯಲ್ಲಿ. ರ‍್ಯಾಂಕ್ ಇಲ್ಲ. ಬಂದರು, ಕೆಲಸ ಮಾಡಿದರು, ಹೋದರು, ಅಷ್ಟನ್ನೇ ಅದು ದಾಖಲಿಸುತ್ತೆ. ಏನು ಮುಗಿಸಿದರು ಅಂತ ಹಲಗೆಯಲ್ಲಿ ಬರೆಯಲ್ಲ.

ಸೆಟ್ಲಿಂಗ್ ಟೈಮ್

ಬ್ಯಾಗ್ ಬಿಚ್ಚಿ ಆಯಿತು. ಮೇಜು, ಕುರ್ಚಿ, ಮೌನ. ಈಗ ಕೆಲಸ ಶುರು ಮಾಡಬಹುದಲ್ವಾ?

ಇಲ್ಲೇ ಇರೋದು ಕಷ್ಟ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಸ್ಟೆಪ್ ರೆಸ್ಪಾನ್ಸ್ ಗ್ರಾಫು ನೆನಪಿರಬೇಕು. ಇನ್‌ಪುಟ್ ಒಂದೇ ಏಟಿಗೆ ಬದಲಾದರೂ ಔಟ್‌ಪುಟ್ ಕೂಡಲೇ ಹೊಸ ಜಾಗಕ್ಕೆ ಬಂದು ನಿಲ್ಲಲ್ಲ. ಡ್ಯಾಂಪಿಂಗ್ ಕಡಿಮೆ ಇದ್ದರೆ ಗುರಿ ದಾಟಿ ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ, ಮತ್ತೆ ಮೇಲೆ. ಜಾಸ್ತಿ ಇದ್ದರೆ ತೆವಳಿಕೊಂಡು ಬರುತ್ತೆ. ಕೊನೆಯ ಬೆಲೆಯ ಸುತ್ತ ಶೇಕಡಾ 2ರ ಪಟ್ಟಿಯೊಳಗೆ ಬಂದು, ಮತ್ತೆ ಹೊರಗೆ ಹೋಗದೆ ಉಳಿಯೋಕೆ ಹಿಡಿಯುವ ಹೊತ್ತೇ ಸೆಟ್ಲಿಂಗ್ ಟೈಮ್.

ರೆಸಿಡೆನ್ಸಿಯ ಮೊದಲ ದಿನ ಅಂಥ ಒಂದು ಸ್ಟೆಪ್ ಇನ್‌ಪುಟ್. ನಿನ್ನೆವರೆಗೆ ಕೆಲಸ, ಮನೆ, ಫೋನು, ಟ್ರಾಫಿಕ್ಕು; ಇವತ್ತು ಇದ್ದಕ್ಕಿದ್ದ ಹಾಗೆ ಏನೂ ಇಲ್ಲ. ಮನುಷ್ಯ ಸೆಕೆಂಡ್ ಆರ್ಡರ್ ಸಿಸ್ಟಮ್ ಅಲ್ಲ, ನಿಜ. ಆದರೂ ಎರಡು ಬಗೆಯವರನ್ನ ಎಲ್ಲರೂ ಕಂಡಿರುತ್ತೇವೆ. ಒಬ್ಬರು ಮೊದಲ ಗಂಟೆಯಲ್ಲೇ ಟೈಮ್‌ಟೇಬಲ್ ಬರೆದು, ಗೋಡೆಗೆ ಅಂಟಿಸಿ, ದಿನಕ್ಕೆ ಇಷ್ಟು ಪುಟ ಅಂತ ಲೆಕ್ಕ ಹಾಕಿ, ಮೂರನೇ ದಿನ ಲೆಕ್ಕ ತಪ್ಪಿ ಕುಸಿಯುವವರು. ಅದು ಓವರ್‌ಶೂಟ್. ಇನ್ನೊಬ್ಬರು ಮೇಜಿನ ಹತ್ತಿರವೇ ಹೋಗದೆ, ಪೆನ್ನು ಜೋಡಿಸಿ, ಹಾಸಿಗೆ ಕೊಡವಿ, "ನಾಳೆಯಿಂದ" ಅನ್ನುವವರು. ಪರೀಕ್ಷೆಗೆ ಮುಂಚಿನ ರಜೆ ಶುರುವಾದ ದಿನ ಹಾಸ್ಟೆಲಿನ ಯಾವ ಕಾರಿಡಾರಿನಲ್ಲಿ ನೋಡಿದರೂ ಈ ಇಬ್ಬರೂ ಸಿಗುತ್ತಾರೆ.

ಇದಕ್ಕೆ ಕಾರಣ ಬರೀ ಅಭ್ಯಾಸ ಅಲ್ಲ ಅಂತ ನಮಗನ್ನಿಸುತ್ತೆ. ಮನೆಯಲ್ಲಿದ್ದಾಗ ಕೆಲಸ ಆಗದಿದ್ದರೆ ಹೇಳೋಕೆ ಕಾರಣ ಇರುತ್ತೆ: ನೆಂಟರು ಬಂದರು, ಕರೆಂಟು ಹೋಯಿತು, ಅಸೈನ್‌ಮೆಂಟು ಇತ್ತು. ರೆಸಿಡೆನ್ಸಿ ಆ ಕಾರಣಗಳನ್ನೆಲ್ಲ ಒಂದೇ ದಿನದಲ್ಲಿ ಕಿತ್ತುಕೊಳ್ಳುತ್ತೆ. ಉಳಿಯೋದು ಒಂದೇ ಪ್ರಶ್ನೆ: "ನನಗೆ ನಿಜವಾಗಿ ಮಾಡಬೇಕು ಅನ್ನಿಸಿದ್ದು ಏನಾದರೂ ಇದೆಯಾ?" ಕೇಳೋಕೆ ಯಾರೂ ಇಲ್ಲದಾಗ ಈ ಪ್ರಶ್ನೆ ದೊಡ್ಡದಾಗಿ ಕೇಳಿಸುತ್ತೆ. ಹಾಗಾಗಿ ಮೊದಲ ದಿನ ಖುಷಿಯ ಜತೆ ಒಂದು ಭಯವೂ ಇರುತ್ತೆ.

ಅನುಭವ ಇರುವವರು ಮೊದಲ ದಿನ ಮಾಡೋದು ಸಣ್ಣ ಸಣ್ಣ ಕೆಲಸಗಳನ್ನ. ಮೇಜನ್ನ ಕಿಟಕಿಗೆ ಎದುರಾಗಿ ಇಡಬೇಕೋ ಬೆನ್ನು ಮಾಡಿ ಇಡಬೇಕೋ ಅಂತ ನೋಡುತ್ತಾರೆ. ಬೆಳಕು ಯಾವ ಕಡೆಯಿಂದ ಎಷ್ಟು ಗಂಟೆಗೆ ಬರುತ್ತೆ ಅಂತ ಗಮನಿಸುತ್ತಾರೆ. ಕಾಡಿನ ದಾರಿಯಲ್ಲಿ ಹಗಲಿದ್ದಾಗಲೇ ಒಮ್ಮೆ ನಡೆದು ನೋಡುತ್ತಾರೆ, ರಾತ್ರಿ ಊಟ ಮುಗಿಸಿ ಟಾರ್ಚ್ ಹಿಡಿದು ವಾಪಸು ಬರಬೇಕಲ್ಲ. ನಿದ್ದೆ ಬಂದರೆ ಮಲಗುತ್ತಾರೆ. ಹಳೆಯ ಕರಡನ್ನ ತೆಗೆದು, ತಿದ್ದದೆ, ಬರೀ ಓದುತ್ತಾರೆ. ಪ್ರಯೋಗಕ್ಕೆ ಮುಂಚೆ ಮೀಟರಿನ ಝೀರೋ ಎರರ್ ನೋಡಿಕೊಳ್ಳೋ ಹಾಗೆ ಇದು. ರೀಡಿಂಗ್ ಆಮೇಲೆ.

ಊಟದ ಮೇಜಿನಲ್ಲಿ

ಸಂಜೆ ಊಟಕ್ಕೆ ಎಲ್ಲರೂ ಸೇರುತ್ತಾರೆ ಅಂದೆವಲ್ಲ, ಅದಕ್ಕೂ ಕಾರಣ ಇದೆ. ಬೇರೆ ಬೇರೆ ಕಲೆಯವರು ಒಂದೇ ಕಡೆ ಇದ್ದರೆ ಪರಸ್ಪರ ಕಲಿಯುತ್ತಾರೆ ಅನ್ನೋದು ಎಡ್ವರ್ಡ್ ಮ್ಯಾಕ್‌ಡವೆಲ್ ನಂಬಿಕೆಯಾಗಿತ್ತು. ಹಾಗಾಗಿ ಅಲ್ಲಿ ಕವಿಯ ಪಕ್ಕ ವಾಸ್ತುಶಿಲ್ಪಿ ಕೂರಬಹುದು, ಸಂಗೀತಗಾರರ ಎದುರು ಸಾಕ್ಷ್ಯಚಿತ್ರ ಮಾಡುವವರು ಕೂರಬಹುದು.

ಮೊದಲ ರಾತ್ರಿ "ನೀವು ಯಾವುದರ ಮೇಲೆ ಕೆಲಸ ಮಾಡ್ತಿದ್ದೀರಿ?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಇದು ವೈವಾ ಅಲ್ಲ ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು. ತಮ್ಮದೇ ಕ್ಷೇತ್ರದವರಿಗೆ ಹೇಳುವಾಗ ಪಾರಿಭಾಷಿಕ ಪದಗಳ ಹಿಂದೆ ಅಡಗಿಕೊಳ್ಳಬಹುದು. ಬೇರೆ ಕ್ಷೇತ್ರದವರ ಮುಂದೆ ಆಗಲ್ಲ. ಎಲೆಕ್ಟ್ರಾನಿಕ್ಸಿನವರು ತಮ್ಮ ಪ್ರಾಜೆಕ್ಟನ್ನ ಸಿವಿಲ್‌ನವರಿಗೆ ಎರಡು ವಾಕ್ಯದಲ್ಲಿ ವಿವರಿಸೋಕೆ ಹೊರಟರೆ ಇದು ಗೊತ್ತಾಗುತ್ತೆ. ಹೇಳ್ತಾ ಹೇಳ್ತಾ ತಮಗೇ ಎಲ್ಲಿ ಅರ್ಥ ಆಗಿಲ್ಲ ಅಂತ ತಿಳಿಯುತ್ತೆ. ಹಗಲೆಲ್ಲ ಇಂಟರಪ್ಟ್ ಬೇಡ, ಸಂಜೆ ಒಂದು ಹೊತ್ತು ಬೇಕೇ ಬೇಕು. ಎರಡನ್ನೂ ಬೆರೆಸದೆ, ಬೇರೆ ಬೇರೆ ಗಂಟೆಗೆ ಇಟ್ಟದ್ದು ಈ ವ್ಯವಸ್ಥೆಯ ಜಾಣತನ.

ಫೌಂಡ್ರಿಯಲ್ಲಿ ಮೊದಲ ದಿನ

ಎಲ್ಲ ರೆಸಿಡೆನ್ಸಿಯೂ ಕಾಡಿನ ಮೌನದಲ್ಲಿರಲ್ಲ. ಮೆಕ್ಯಾನಿಕಲ್‌ನವರಿಗೆ ಖುಷಿಯಾಗುವ ಒಂದು ಉದಾಹರಣೆ ಅಮೆರಿಕದ್ದೇ ವಿಸ್ಕಾನ್ಸಿನ್ ರಾಜ್ಯದಲ್ಲಿದೆ. ನಲ್ಲಿ, ಸಿಂಕು, ಬಾತ್‌ಟಬ್ ತಯಾರಿಸುವ ಕೋಹ್ಲರ್ ಕಂಪನಿಯ ಕಾರ್ಖಾನೆಯೊಳಗೇ 1974ರಿಂದ ಕಲಾವಿದರ ರೆಸಿಡೆನ್ಸಿ ನಡೆಯುತ್ತಿದೆ. ಹೆಸರು ಆರ್ಟ್ಸ್/ಇಂಡಸ್ಟ್ರಿ, ನಡೆಸುವುದು ಜಾನ್ ಮೈಕೆಲ್ ಕೋಹ್ಲರ್ ಆರ್ಟ್ಸ್ ಸೆಂಟರ್. ಒಂದು ಗುಂಪು ಪಿಂಗಾಣಿ ವಿಭಾಗದಲ್ಲಿ, ಇನ್ನೊಂದು ಎರಕದ ವಿಭಾಗದಲ್ಲಿ. ಪಕ್ಕದಲ್ಲೇ ಕಾರ್ಮಿಕರು ತಮ್ಮ ಪಾಳಿಯ ಕೆಲಸ ಮಾಡುತ್ತಿರುತ್ತಾರೆ.

ಅಂಥ ಜಾಗದಲ್ಲಿ ಒಗ್ಗಿಕೊಳ್ಳೋದು ಅಂದರೆ ಕಿಟಕಿ ಪಕ್ಕ ಮೇಜು ಜೋಡಿಸಿಕೊಳ್ಳೋದಲ್ಲ. ಮೊದಲು ಸೇಫ್ಟಿ ಕನ್ನಡಕ, ಸೇಫ್ಟಿ ಶೂ. ಎಲ್ಲಿ ನಡೆಯಬಹುದು, ಎಲ್ಲಿ ನಿಲ್ಲಬಾರದು ಅನ್ನೋ ಪಾಠ. ಕರಗಿದ ಕಬ್ಬಿಣ 1,300 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿರುತ್ತೆ. ಅಲ್ಲಿ ಕಲಾವಿದ ಅನ್ನೋ ಕಾರಣಕ್ಕೆ ವಿನಾಯಿತಿ ಇಲ್ಲ. ಆಮೇಲೆ ವಸ್ತುವಿನ ಸ್ವಭಾವ ಕಲಿಯಬೇಕು. ಪಿಂಗಾಣಿಯ ನೀರಾದ ಜೇಡಿಯನ್ನ ಪ್ಲಾಸ್ಟರ್ ಅಚ್ಚಿಗೆ ಸುರಿದರೆ ಪ್ಲಾಸ್ಟರು ನೀರು ಹೀರುತ್ತೆ, ಗೋಡೆಗೆ ಅಂಟಿ ಒಂದು ಪದರ ಗಟ್ಟಿಯಾಗುತ್ತೆ. ಒಣಗಿ ಸುಟ್ಟ ಮೇಲೆ ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗುತ್ತೆ. ಅದನ್ನ ಲೆಕ್ಕಕ್ಕೆ ತಗೊಳ್ಳದೆ ಮಾಡಿದ ವಸ್ತು ಬಿರುಕು ಬಿಡುತ್ತೆ. ನಮ್ಮ ವರ್ಕ್‌ಶಾಪಿನ ಫೌಂಡ್ರಿ ಲ್ಯಾಬಿನಲ್ಲಿ ಕೋಪ್, ಡ್ರ್ಯಾಗ್ ಜೋಡಿಸಿ ಮರಳು ತಟ್ಟಿದವರಿಗೆ ಗೊತ್ತು: ಮರಳು ಎಷ್ಟು ತೇವ ಇರಬೇಕು ಅನ್ನೋದು ಮ್ಯಾನ್ಯುಅಲ್ ಓದಿ ಬರಲ್ಲ, ಮುಷ್ಟಿಯಲ್ಲಿ ಹಿಡಿದು ನೋಡಬೇಕು. ಅದನ್ನ ಹೇಳಿಕೊಡೋದು ಇಪ್ಪತ್ತು ವರ್ಷ ಅಲ್ಲೇ ದುಡಿದ ಇನ್‌ಸ್ಟ್ರಕ್ಟರ್. ಕಾರ್ಖಾನೆಯ ಕಲಾವಿದರ ಮೊದಲ ದಿನದ ಗುರುವೂ ಅಂಥವರೇ.

ಮ್ಯಾಕ್‌ಡವೆಲ್ ಜನರಿಂದ ದೂರ ಇಟ್ಟು ಸಮಯ ಕೊಡುತ್ತೆ. ಕೋಹ್ಲರ್ ಜನರ ನಡುವೆ ಇಟ್ಟು ಕೈಚಳಕ ಕೊಡುತ್ತೆ. ದಾರಿ ಬೇರೆ, ಆದರೆ ಎರಡು ಕಡೆಯೂ ಮೊದಲ ದಿನ ಬಂದವರು ತಮ್ಮ ಐಡಿಯಾವನ್ನ ಸ್ವಲ್ಪ ಬದಿಗಿಟ್ಟು ಜಾಗ ಹೇಗೆ ನಡೆಯುತ್ತೆ ಅಂತ ನೋಡಬೇಕು.

ಬುಟ್ಟಿ ಯಾರು ತಂದರು?

ಇಷ್ಟು ಹೇಳಿದ ಮೇಲೆ ಒಂದು ಇರಿಸುಮುರಿಸಿನ ಪ್ರಶ್ನೆ ಉಳಿಯುತ್ತೆ. ಬಾಗಿಲ ಬಳಿ ಬುಟ್ಟಿ ಬಂತು ಸರಿ, ಅದನ್ನ ಯಾರು ತಂದರು? ಅಡುಗೆ ಯಾರು ಮಾಡಿದರು? ಒಬ್ಬರ ದಿನದಿಂದ ಕಳಚಿದ ಕೆಲಸ ಮಾಯವಾಗಲ್ಲ, ಇನ್ನೊಬ್ಬರ ದಿನಕ್ಕೆ ಸೇರುತ್ತೆ.

ಮರಿಯನ್ ಮ್ಯಾಕ್‌ಡವೆಲ್ ಕಥೆಯನ್ನೇ ನೋಡಿ. ಗಂಡ ತೀರಿಕೊಂಡ ಮೇಲೆ ಆ ಜಾಗ ಉಳಿಸೋಕೆ ದುಡ್ಡು ಬೇಕಿತ್ತು. ಸುಮಾರು ಕಾಲು ಶತಮಾನ ಅವರು ಅಮೆರಿಕದ ಊರೂರು ತಿರುಗಿ, ಎಡ್ವರ್ಡ್ ಬರೆದ ಸಂಗೀತವನ್ನ ಪಿಯಾನೋದಲ್ಲಿ ನುಡಿಸಿ, ದುಡ್ಡು ಕೂಡಿಸಿ ತಂದರು. ಆರೋಗ್ಯ ಚೆನ್ನಾಗಿರಲಿಲ್ಲ. ಆದರೂ 1956ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಜಾಗ ಗಟ್ಟಿಯಾಗಿ ನಿಂತಿತ್ತು. ಸ್ವತಃ ಕಲಾವಿದೆಯಾಗಿದ್ದವರು, ನೂರಾರು ಕಲಾವಿದರಿಗೆ ಬಿಡುವು ಮಾಡಿಕೊಡುವ ಕೆಲಸದಲ್ಲಿ ತಮ್ಮ ವರ್ಷಗಳನ್ನ ಕಳೆದರು.

ಈ ಪ್ರಶ್ನೆಯನ್ನೇ ಕಲೆಯಾಗಿ ಮಾಡಿದವರು ನ್ಯೂಯಾರ್ಕಿನ ಮಿರ್ಲ್ ಲೇಡರ್‌ಮನ್ ಯೂಕೆಲಿಸ್. ಮೊದಲ ಮಗು ಹುಟ್ಟಿದ ಮೇಲೆ ಅವರ ದಿನವೆಲ್ಲ ಒರೆಸೋದು, ತೊಳೆಯೋದು, ತಿನ್ನಿಸೋದರಲ್ಲೇ ಹೋಗತೊಡಗಿತು. 1969ರಲ್ಲಿ ಅವರು ಒಂದು ಪ್ರಣಾಳಿಕೆ ಬರೆದರು. ಹೊಸದನ್ನ ಮಾಡೋದು ಮಾತ್ರ ಕಲೆ ಅಂತ ಯಾಕೆ ಅನ್ನಬೇಕು, ಇದ್ದದ್ದನ್ನ ದಿನಾ ಉಳಿಸಿಕೊಳ್ಳುವ ಕೆಲಸವೂ ಕಲೆ ಅನ್ನೋದು ಅದರ ತಿರುಳು. ಮೇಂಟೆನೆನ್ಸ್ ಅನ್ನೋ ಪದವನ್ನ ಕಲೆಯ ಜತೆ ಜೋಡಿಸಿದರು.

1977ರಲ್ಲಿ ಅವರು ನ್ಯೂಯಾರ್ಕ್ ನಗರದ ನೈರ್ಮಲ್ಯ ಇಲಾಖೆಯ ಆರ್ಟಿಸ್ಟ್ ಇನ್ ರೆಸಿಡೆನ್ಸ್ ಆದರು. ಸಂಬಳ ಇಲ್ಲ. ಕಾಡು ಇಲ್ಲ, ಬುಟ್ಟಿ ಇಲ್ಲ. ಇದ್ದದ್ದು ಕಸದ ಲಾರಿಗಳು, ಗ್ಯಾರೇಜುಗಳು, ಬೆಳಗಿನ ಜಾವದ ಹಾಜರಿ. ಅವರ ದೊಡ್ಡ ಕೆಲಸ 'ಟಚ್ ಸ್ಯಾನಿಟೇಶನ್' ಶುರುವಾದದ್ದು 1979ರಲ್ಲಿ. ಸುಮಾರು 11 ತಿಂಗಳು ನಗರದ 59 ನೈರ್ಮಲ್ಯ ವಿಭಾಗಗಳನ್ನೂ ಸುತ್ತಿ, ಸುಮಾರು 8,500 ಪೌರಕಾರ್ಮಿಕರ ಕೈ ಕುಲುಕಿ, ನಗರವನ್ನ ಬದುಕಿಸಿ ಇಟ್ಟದ್ದಕ್ಕೆ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಿದರು. ಅಷ್ಟೇ ಕಲಾಕೃತಿ.

"ಇದು ಎಂಥ ಕಲೆ?" ಅಂತ ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಇಲಾಖೆಗೆ ಸೇರಿದ ಮೇಲೆ ಯೂಕೆಲಿಸ್ ಅವರಿಗಿದ್ದ ಮೊದಲ ಕೆಲಸ, ಅಲ್ಲಿ ಯಾರು ಏನು ಮಾಡುತ್ತಾರೆ ಅಂತ ತಿಳಿಯೋದು. ಎಷ್ಟು ಪಾಳಿ, ಯಾವ ಗ್ಯಾರೇಜು, ಲಾರಿ ಹಿಂದೆ ನಡೆಯುವವರ ಮೈಗೆ ಏನಾಗುತ್ತೆ. ಮ್ಯಾಕ್‌ಡವೆಲ್‌ನಲ್ಲಿ ಕಣ್ಣಿಗೆ ಕಾಣದ ಹಾಗೆ ಇಟ್ಟ ಕೆಲಸವನ್ನ ಅವರು ಕಣ್ಣೆದುರಿಗೆ ತಂದರು. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ರೆಸಿಡೆನ್ಸಿ ಅಂದರೆ ಏನು ಅಂತ ಪೂರ್ತಿ ತಿಳಿಯುತ್ತೆ.

ಹೋಗಬೇಕು ಅನ್ನಿಸಿದರೆ

ಇದೆಲ್ಲ ಅಮೆರಿಕದ ಕಥೆ ಆಯಿತು, ನಮಗೆ ಹತ್ತಿರದಲ್ಲಿ ಏನಿದೆ? ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ, ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮದ ಆವರಣದಲ್ಲಿ, ಸಂಗಮ್ ಹೌಸ್ ಎಂಬ ಲೇಖಕರ ರೆಸಿಡೆನ್ಸಿ ಹಲವು ವರ್ಷ ನಡೆದಿದೆ. ಭಾರತದ ಬೇರೆ ಬೇರೆ ಭಾಷೆಗಳ ಲೇಖಕರೂ ಹೊರದೇಶದವರೂ ಅಲ್ಲಿ ಒಟ್ಟಿಗೆ ಉಳಿದು ಬರೆದಿದ್ದಾರೆ. ಬೆಂಗಳೂರಿನ ಶಾಂತಿನಗರದಲ್ಲಿರುವ 1 ಶಾಂತಿರೋಡ್ ಚಿತ್ರ ಮತ್ತು ದೃಶ್ಯಕಲೆಯವರ ಜಾಗ.

ಅರ್ಜಿಗೆ ಸಾಮಾನ್ಯವಾಗಿ ಕೇಳೋದು ಮೂರು: ಈಗಾಗಲೇ ಮಾಡಿದ ಕೆಲಸದ ಮಾದರಿ, ಅಲ್ಲಿ ಏನು ಮಾಡಬೇಕು ಅಂತಿದ್ದೀರಿ ಅನ್ನೋ ಒಂದು ಪುಟದ ಬರಹ, ನಿಮ್ಮ ಕೆಲಸ ಬಲ್ಲ ಒಬ್ಬಿಬ್ಬರ ಶಿಫಾರಸು. ಡಿಗ್ರಿ ಯಾವುದು ಅಂತ ಕೇಳುವವರು ಕಡಿಮೆ. ಕೋಡ್ ಬರೆದು ಧ್ವನಿ ಸಂಯೋಜಿಸುವವರು, ಸರ್ಕ್ಯೂಟ್ ಬಳಸಿ ಶಿಲ್ಪ ಮಾಡುವವರಿಗೂ ಎಷ್ಟೋ ಕಡೆ ಅವಕಾಶ ಇದೆ. ಒಂದು ಎಚ್ಚರಿಕೆ: ಕೆಲವು ರೆಸಿಡೆನ್ಸಿಗಳು ಪೂರ್ತಿ ಉಚಿತ, ಕೆಲವು ಬಂದವರಿಂದಲೇ ದುಡ್ಡು ಪಡೆಯುತ್ತವೆ. ಊಟ, ಪ್ರಯಾಣ, ಸಾಮಗ್ರಿ ಖರ್ಚು ಯಾರದು ಅಂತ ಕೇಳಿ ತಿಳಿದುಕೊಂಡೇ ಒಪ್ಪಿಕೊಳ್ಳಿ.

ಅರ್ಜಿ ಹಾಕುವ ವಯಸ್ಸು, ಹೊತ್ತು ಇನ್ನೂ ಬಂದಿಲ್ಲ ಅನ್ನಿಸಿದರೂ ಪರವಾಗಿಲ್ಲ. ಮೊದಲ ದಿನದ ವ್ಯವಸ್ಥೆಯನ್ನ ಕ್ಯಾಂಪಸ್ಸಿನಲ್ಲೇ ಸಣ್ಣದಾಗಿ ಮಾಡಿ ನೋಡಬಹುದು. ಇಬ್ಬರು ಮೂವರು ಗೆಳೆಯರು ಸೇರಿ ಒಂದು ಶನಿವಾರ ಗೊತ್ತು ಮಾಡಿ. ಅಂದು ಬೆಳಗ್ಗೆಯಿಂದ ಸಂಜೆವರೆಗೆ ಒಬ್ಬೊಬ್ಬರೂ ಬೇರೆ ಬೇರೆ ಜಾಗದಲ್ಲಿ ಕೂತು, ಮಾರ್ಕ್ಸಿಗೂ ರೆಸ್ಯೂಮೆಗೂ ಸಂಬಂಧ ಇಲ್ಲದ ಒಂದು ಕೆಲಸ ಮಾಡೋದು. ಫೋನು ಡ್ರಾಯರಿನಲ್ಲಿ. ಒಬ್ಬರ ಬಾಗಿಲು ಇನ್ನೊಬ್ಬರು ತಟ್ಟಬಾರದು. ಆ ವಾರ ಒಬ್ಬರು ಮಾತ್ರ ಕೆಲಸಕ್ಕೆ ಕೂರದೆ ಉಳಿದವರಿಗೆ ಮೆಸ್ಸಿನಿಂದ ಡಬ್ಬಿ ತಂದು ಬಾಗಿಲ ಹತ್ತಿರ ಇಟ್ಟು ಹೋಗೋದು. ಮುಂದಿನ ವಾರ ಆ ಸರದಿ ಇನ್ನೊಬ್ಬರದು. ರಾತ್ರಿ ಒಟ್ಟಿಗೆ ಊಟ, ಅಲ್ಲಿ ಕೇಳಬಹುದು, "ಏನು ಮಾಡ್ತಿದ್ದೀಯ?" ಅಂತ. "ಏನು ಮುಗಿಸಿದೆ?" ಅಂತ ಮಾತ್ರ ಕೇಳೋ ಹಾಗಿಲ್ಲ.

ಮೊದಲ ಶನಿವಾರ ಬಹುಶಃ ನಿದ್ದೆಯಲ್ಲೇ ಹೋಗುತ್ತೆ. ಹೋಗಲಿ ಬಿಡಿ, ಅದು ಸೆಟ್ಲಿಂಗ್ ಟೈಮ್. ಡಬ್ಬಿ ತುಂಬಿಸಿಕೊಳ್ಳೋಕೆ ಮೆಸ್ಸಿಗೆ ಹೋದಾಗ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಮ್ಮೆಲ್ಲರ ಅಡುಗೆ ಮಾಡುವ ಅಣ್ಣನವರ ಹೆಸರೇನು ಅಂತ ಗೊತ್ತಿಲ್ಲದಿದ್ದರೆ, ಅವತ್ತು ಕೇಳಿಕೊಂಡು ಬನ್ನಿ.